ಅಳಿವೆ ಕಾಣುವ ಮನೆ ಬೇಕು, ಎಲ್ಲಿ ಹೋಗಲಿ ಅಕ್ಕಾ?

ಮಳೆ ಬಿಡುತ್ತಿದ್ದ ಹಾಗೆ ಕೊಡಗಿನವರಿಗೆ ಕಡಲು ನೆನಪಾಗುತ್ತದೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅದರ ಬಗ್ಗೆಯೇ. ಹೊಳೆ ಕಡಲು ಸೇರುವ ಕಡೆ, ಅಂದರೆ ಅಳಿವೆಯಲ್ಲಿ, ಒಂದು ಮನೆ ಹಿಡಿದು ನಾಲ್ಕು ದಿನ ಇರಬೇಕು, ಅಲ್ಲಿಂದ ಸುತ್ತಮುತ್ತ ಓಡಾಡಬೇಕು ಅಂತ ತುಂಬಾ ಜನ ಕೇಳಿದ್ದೀರಿ. ಹಾಗಾಗಿ ಈ ಸಂಚಿಕೆಯ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ಅಕ್ಕಾ, ನಾವು ಮನೆಯವರು ಏಳು ಜನ, ಅತ್ತೆ ಮತ್ತು ಇಬ್ಬರು ಸಣ್ಣ ಮಕ್ಕಳು ಸೇರಿ. ಹೋಟೆಲ್ ಬೇಡ, ಒಂದು ಇಡೀ ಮನೆ ಬೇಕು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ ಕಾಣುವಂಥದ್ದು. ಜಾಹೀರಾತು ನೋಡಿದರೆ ಎಲ್ಲರೂ ‘ರಿವರ್ ವ್ಯೂ, ಸೀ ವ್ಯೂ’ ಅಂತಲೇ ಹಾಕಿರುತ್ತಾರೆ. ಯಾವ ಊರು ಒಳ್ಳೆಯದು? (ಸಿದ್ದಾಪುರದಿಂದ)

ಉತ್ತರ: ತಂಗಿ, ಬೀಚ್ ಪಕ್ಕದ ಮನೆ ಬೇರೆ, ಅಳಿವೆ ಪಕ್ಕದ ಮನೆ ಬೇರೆ. ಬೀಚ್‌ನಲ್ಲಿ ಬೆಳಗ್ಗೆ ಕಂಡದ್ದೇ ಹೆಚ್ಚುಕಮ್ಮಿ ಸಂಜೆಯೂ ಕಾಣುತ್ತದೆ. ಅಳಿವೆಯಲ್ಲಿ ಹಾಗಲ್ಲ. ಬೆಳಗ್ಗೆ ತುಂಬಿ ನಿಂತ ನೀರು ಮಧ್ಯಾಹ್ನಕ್ಕೆ ಇಳಿದು, ಅದೇ ಜಾಗದಲ್ಲಿ ಮರಳ ದಿಣ್ಣೆ ಎದ್ದಿರುತ್ತದೆ, ಅದರ ಮೇಲೆ ಬೆಳ್ಳಕ್ಕಿ ಕೂತಿರುತ್ತವೆ, ಊರಿನವರು ಮೊಣಕಾಲು ನೀರಲ್ಲಿ ಬಗ್ಗಿ ಮರುವಾಯಿ (ಚಿಪ್ಪುಮೀನು) ಹೆಕ್ಕುತ್ತಿರುತ್ತಾರೆ. ಆಮೇಲೆ ಸಂಜೆಗೆ ಮತ್ತೆ ನೀರು. ಇದನ್ನು ನೋಡುತ್ತಾ ಕೂರಲು ಮನಸ್ಸಿದ್ದರೆ ಮಾತ್ರ ಅಳಿವೆ ಮನೆ ಹಿಡಿಯಿರಿ. ಬರೀ ಫೋಟೋ ತೆಗೆದು ಹೊರಡುವವರಿಗೆ ಅಷ್ಟು ದೂರ ಹೋಗುವ ಅಗತ್ಯವೇ ಇಲ್ಲ.

ನಿಮಗೆ ನಾನು ಹೇಳುವುದು ಉಡುಪಿ ಹತ್ತಿರದ ಕೋಡಿಬೆಂಗ್ರೆ. ಮಲ್ಪೆಯಿಂದ ಉತ್ತರಕ್ಕೆ ಹೂಡೆ ದಾಟಿ ಹೋದರೆ ನೆಲ ಕಿರಿದಾಗುತ್ತಾ ಹೋಗುತ್ತದೆ. ಎಡಗಡೆ ಅರಬ್ಬಿ ಸಮುದ್ರ, ಬಲಗಡೆ ಸುವರ್ಣಾ ನದಿ, ನಡುವೆ ರಸ್ತೆ, ತೆಂಗಿನ ತೋಟ, ಮೀನುಗಾರರ ಮನೆಗಳು. ತುದಿಯಲ್ಲಿ ಸುವರ್ಣಾ ಮತ್ತು ಸೀತಾ ಎರಡೂ ಕೂಡಿ ಕಡಲು ಸೇರುತ್ತವೆ. ಜನ ಅದನ್ನು ಡೆಲ್ಟಾ ಬೀಚ್ ಅನ್ನುತ್ತಾರೆ. ಆಚೆ ದಡದಲ್ಲಿ ಹಂಗಾರಕಟ್ಟೆ ಬಂದರು ಕಾಣುತ್ತದೆ. ಇಲ್ಲಿ ಮನೆ ಸಿಕ್ಕರೆ ಸೂರ್ಯ ಹುಟ್ಟುವುದು ಹೊಳೆಯ ಮೇಲೆ, ಮುಳುಗುವುದು ಕಡಲಲ್ಲಿ. ಎರಡಕ್ಕೂ ಅಂಗಳದಿಂದ ನಾಲ್ಕು ಹೆಜ್ಜೆ ಇಟ್ಟರೆ ಸಾಕು, ಅತ್ತೆಯವರಿಗೂ ಕಷ್ಟವಿಲ್ಲ.

ಇಳಿತದ ಹೊತ್ತಲ್ಲಿ ತುದಿಗೆ ಹೋಗಿ ನಿಂತು ನೋಡಿ. ಅದರಲ್ಲೂ ಮಳೆಗಾಲ ಮುಗಿದ ಹೊಸತರಲ್ಲಿ, ಹೊಳೆಯ ಕಂದು ನೀರು ಹೊರಗೆ ಹರಿದು ಕಡಲ ಹಸಿರು ನೀರಿಗೆ ತಾಗುವ ಕಡೆ ಉದ್ದಕ್ಕೆ ಒಂದು ಗೆರೆ ಎಳೆದ ಹಾಗೆ ಕಾಣುತ್ತದೆ. ಗೆರೆ ಮೇಲೆ ನೊರೆ, ಸೊಪ್ಪು, ತೆಂಗಿನ ಸಿಪ್ಪೆ. ಗರುಡ ಪಕ್ಷಿಗಳು ಅದರ ಮೇಲೇ ಸುತ್ತುತ್ತಿರುತ್ತವೆ, ಮೀನು ಅಲ್ಲೇ ಸಿಗುತ್ತದೆ ಅಂತ ಅವಕ್ಕೆ ಗೊತ್ತು. ಬೀಸುಬಲೆ ಹಿಡಿದವರೂ ಅದೇ ಗೆರೆ ನೋಡಿಕೊಂಡು ನಿಂತಿರುತ್ತಾರೆ. ಮಕ್ಕಳಿಗೆ ತೋರಿಸಿ, ಅರ್ಧ ಗಂಟೆ ಅಲ್ಲಾಡುವುದಿಲ್ಲ.

ದಾರಿ ಗೊತ್ತಲ್ವಾ, ಮಡಿಕೇರಿಯಿಂದ ಸಂಪಾಜೆ, ಸುಳ್ಯ, ಪುತ್ತೂರು, ಮಾಣಿ, ಮಂಗಳೂರು. ಅಲ್ಲಿವರೆಗೆ ಸುಮಾರು 140 ಕಿ.ಮೀ. ಅಲ್ಲಿಂದ ಉಡುಪಿಗೆ ಇನ್ನು 55-60. ಮಕ್ಕಳು, ಹಿರಿಯರು ಇರುವಾಗ ಒಂದು ಇಡೀ ಹಗಲು ದಾರಿಗೇ ಅಂತ ಇಟ್ಟುಕೊಳ್ಳಿ. ಅಷ್ಟು ದೂರ ಬೇಡ ಅನ್ನಿಸಿದರೆ ಮಂಗಳೂರು ದಾಟಿ ಮೂಲ್ಕಿ ಹತ್ತಿರ ಸಸಿಹಿತ್ಲು ಇದೆ. ಅಲ್ಲಿ ಶಾಂಭವಿ ಮತ್ತು ನಂದಿನಿ ಹೊಳೆಗಳು ಕಡಲು ಸೇರುತ್ತವೆ, ಸರ್ಫಿಂಗ್ ಮಾಡುವವರು ಬರುತ್ತಾರೆ. ಜಾಗ ಚೆನ್ನಾಗಿದೆ. ಆದರೆ ಕಡಲ್ಕೊರೆತ ಜಾಸ್ತಿ ಇರುವ ದಡ ಅದು, ಮನೆ ನೀರಿಗೆ ತೀರಾ ಹತ್ತಿರ ಬೇಡ.

ಈಗ ಮನೆಯವರ ಹತ್ತಿರ ಏನು ಕೇಳಬೇಕು ಅನ್ನೋದು. ನಮ್ಮಲ್ಲಿ ಊರಿಗೆ ಹತ್ತು ಹೋಂಸ್ಟೇ ಇವೆ, ಬರುವ ಅತಿಥಿಗಳು ಏನೇನು ಕೇಳುತ್ತಾರೆ ಅಂತ ನಿಮಗೆ ಗೊತ್ತೇ ಇದೆ. ಅಳಿವೆ ಮನೆಗೆ ಅದಲ್ಲದೆ ಬೇರೆ ಪ್ರಶ್ನೆಗಳಿವೆ. ಒಂದು, ಕುಡಿಯುವ ನೀರು ಎಲ್ಲಿಂದ ಅಂತ ಕೇಳಿ. ಹೊಳೆಯ ಹರಿವು ಕಮ್ಮಿಯಾದ ಮೇಲೆ, ಅದರಲ್ಲೂ ಏಪ್ರಿಲ್-ಮೇನಲ್ಲಿ, ಉಬ್ಬರದ ಜೊತೆ ಉಪ್ಪುನೀರು ಒಳಗೆ ಬಹಳ ದೂರದವರೆಗೆ ನುಗ್ಗುತ್ತದೆ. ಆಗ ದಡದ ಬಾವಿಗಳು ಸವುಳಾಗುತ್ತವೆ. ಸ್ನಾನಕ್ಕೆ ಪರವಾಗಿಲ್ಲ, ಅನ್ನ ಮಾಡಲು ಆಗುವುದಿಲ್ಲ. ಇನ್ನೊಂದು, ಹೊಳೆಯ ಕಡೆ ಬೇಲಿ ಅಥವಾ ಗೋಡೆ ಇದೆಯಾ? ಸಣ್ಣ ಮಕ್ಕಳಿರುವ ಮನೆಗೆ ಇದು ಬೇಕೇ ಬೇಕು, ಯಾಕೆಂದರೆ ಮಧ್ಯಾಹ್ನ ಆಟ ಆಡಿದ ಮರಳಿನ ಮೇಲೆ ಸಂಜೆ ನೀರು ನಿಂತಿರುತ್ತದೆ, ಮಗುವಿಗೆ ಅದು ಗೊತ್ತಾಗುವುದಿಲ್ಲ. ಮತ್ತೆ ಕಿಟಕಿಗೆ ಸೊಳ್ಳೆ ಜಾಲರಿ ಇದೆಯಾ ಕೇಳಿ. ಫೋಟೋದಲ್ಲಿ ಜಾಲರಿ ಕಾಣಿಸಲ್ಲ. ಕೊನೆಯದಾಗಿ, ಅವರು ಹೇಳುವ ನೋಟ ಕೋಣೆಯಿಂದ ಕಾಣುತ್ತದೋ, ಮಾಳಿಗೆ ಹತ್ತಿದರೆ ಕಾಣುತ್ತದೋ. ಸಾಧ್ಯವಾದರೆ ವಿಡಿಯೋ ಕಾಲ್‌ನಲ್ಲಿ ನೇರ ತೋರಿಸಲು ಹೇಳಿ. ಒಳ್ಳೆಯ ಮನೆಯವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಪ್ರಶ್ನೆ: ನಮಗೆ ಶನಿವಾರ-ಭಾನುವಾರ ಎರಡೇ ದಿನ ಬಿಡುವು. ಉಡುಪಿ ದೂರವಾಯಿತು. ಹತ್ತಿರ ಏನಾದರೂ ಇದೆಯಾ? (ವಿರಾಜಪೇಟೆಯಿಂದ)

ಉತ್ತರ: ನಿಮಗೆ ಕಡಲು ಅಂದರೆ ಕಣ್ಣೂರು. ಮಾಕುಟ್ಟ ಘಾಟಿ ಇಳಿದು ಕೂಟುಪುಳ, ಇರಿಟಿ ಮೇಲೆ ಹೋದರೆ ಮೂರು ಗಂಟೆಯ ಹಾದಿ. ಬೆಳಗ್ಗೆ ಬೇಗ ಹೊರಟರೆ ಮಧ್ಯಾಹ್ನದ ಊಟ ಅಲ್ಲೇ. ಅಳಿವೆ ಬೇಕಾದರೆ ಅಳೀಕ್ಕಲ್ ಕಡೆ ನೋಡಿ, ವಳಪಟ್ಟಣಂ ಹೊಳೆ ಕಡಲು ಸೇರುವ ಜಾಗ.

ಈ ಹೊಳೆ ಬಗ್ಗೆ ಒಂದು ವಿಷಯ ಹೇಳಲೇಬೇಕು. ನಾವು ಕೊಡಗಿನವರು ಹೊಳೆ ಅಂದಾಗ ಕಾವೇರಿ ಅಂತೀವಿ, ಅವಳು ಪೂರ್ವಕ್ಕೆ ಹರಿದು ಬಂಗಾಳಕೊಲ್ಲಿ ಸೇರುತ್ತಾಳೆ. ಆದರೆ ಪಶ್ಚಿಮಕ್ಕೆ ಇಳಿಯುವ ನೀರೂ ನಮ್ಮದೇ. ಬ್ರಹ್ಮಗಿರಿ ಬೆಟ್ಟದ ಬರಪೊಳೆ, ರ‍್ಯಾಫ್ಟಿಂಗ್ ಮಾಡ್ತಾರಲ್ಲ ಅದೇ, ಕೆಳಗೆ ಇಳಿದು ವಳಪಟ್ಟಣಂ ಹೊಳೆಗೆ ಸೇರುತ್ತದೆ. ಸಂಪಾಜೆ ಕಡೆಯಿಂದ ಸುಳ್ಯಕ್ಕೆ ಇಳಿಯುವ ಪಯಸ್ವಿನಿ ಮುಂದೆ ಚಂದ್ರಗಿರಿ ಹೊಳೆಯಾಗಿ ಕಾಸರಗೋಡಿನಲ್ಲಿ ಕಡಲು ಸೇರುತ್ತದೆ. ಪುಷ್ಪಗಿರಿಯ ಕುಮಾರಧಾರಾ ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರಿ ಮಂಗಳೂರಿಗೆ ಹೋಗುತ್ತದೆ. ಅಂದರೆ ಕಣ್ಣೂರು, ಕಾಸರಗೋಡು, ಮಂಗಳೂರು, ಮೂರೂ ಅಳಿವೆಗಳಲ್ಲಿ ನಮ್ಮ ಮಳೆ ಇದೆ. ಮನೆ ಯಾವ ಅಳಿವೆಯಲ್ಲಿ ಹಿಡಿಯೋದು ಅಂತ ತಿಳಿಯದೆ ಇರುವವರಿಗೆ ನಾನು ಹೇಳುವುದು ಇದೇ: ನಿಮ್ಮ ಊರಿನ ನೀರು ಹೋಗುವ ಕಡೆ ಹೋಗಿ. ಮಾಕುಟ್ಟ ದಾರಿಯಲ್ಲಿ ಹೊಳೆ ನಿಮ್ಮ ಜೊತೆಯಲ್ಲೇ ಇಳಿಯುತ್ತದೆ, ಮಕ್ಕಳಿಗೆ ಅಲ್ಲಿ ತೋರಿಸಿ, ಸಂಜೆ ಅಳೀಕ್ಕಲ್‌ನಲ್ಲಿ ಮತ್ತೆ ತೋರಿಸಿ. ಭೂಗೋಳದ ಪಾಠ ಇದಕ್ಕಿಂತ ಚೆನ್ನಾಗಿ ಯಾವ ಶಾಲೆಯಲ್ಲೂ ಆಗುವುದಿಲ್ಲ.

ಭಾನುವಾರ ಬೆಳಗ್ಗೆ ಕಣ್ಣೂರಿನ ಸೇಂಟ್ ಆಂಜೆಲೋ ಕೋಟೆ ನೋಡಬಹುದು, 1505ರಲ್ಲಿ ಪೋರ್ಚುಗೀಸರು ಕಟ್ಟಿದ್ದು. ಕೋಟೆ ಮೇಲಿಂದ ಕಡಲು, ಕೆಳಗೆ ಮೀನುಗಾರಿಕೆ ಬಂದರು. ತಲಶ್ಶೇರಿ ಕಡೆ ವಾಪಸ್ ಬರುವುದಾದರೆ ಮುಳಪ್ಪಿಲಂಗಾಡ್ ಬೀಚ್ ಸಿಗುತ್ತದೆ. ಗಟ್ಟಿ ಮರಳಿನ ಮೇಲೆ ಕಾರು ಓಡಿಸುವ ದಡ ಅದು, ನಾಲ್ಕು ಕಿ.ಮೀ.ನಷ್ಟು ಉದ್ದ. ಉಬ್ಬರ ಏರುವ ಹೊತ್ತಲ್ಲಿ ಕಾರು ಕೆಳಗೆ ನಿಲ್ಲಿಸಿ ತಿಂಡಿಗೆ ಹೋಗಬೇಡಿ.

ಜೋರು ಮಳೆ ಬಿದ್ದ ವಾರ ಮಾಕುಟ್ಟ ದಾರಿ ಹಿಡಿಯುವ ಮೊದಲು ವಿಚಾರಿಸಿಕೊಳ್ಳಿ. 2018ರಲ್ಲಿ ಆ ಘಾಟಿಯಲ್ಲೂ ಸಂಪಾಜೆ ದಾರಿಯಲ್ಲೂ ಗುಡ್ಡ ಕುಸಿದದ್ದು ನಮಗೆ ಯಾರಿಗೂ ಮರೆಯುವಂಥದ್ದಲ್ಲ.

ಪ್ರಶ್ನೆ: ಯಾವ ತಿಂಗಳು ಹೋಗಬೇಕು? ಏಪ್ರಿಲ್-ಮೇ ಮಕ್ಕಳಿಗೆ ರಜೆ, ಆದರೆ ಎಲ್ಲರೂ ಬೇಡ ಅಂತಾರೆ. (ಸೋಮವಾರಪೇಟೆಯಿಂದ)

ಉತ್ತರ: ಎಲ್ಲರೂ ಸರಿಯಾಗಿಯೇ ಹೇಳುತ್ತಾರೆ. ಮೇ ತಿಂಗಳ ಕರಾವಳಿ ಸೆಕೆ ನಮ್ಮವರಿಗೆ ತಡೆಯಲು ಆಗುವುದಿಲ್ಲ, ರಾತ್ರಿಯೂ ಬೆವರು ನಿಲ್ಲುವುದಿಲ್ಲ. ಜೂನ್ ಬಂದರೆ ಕಡಲಿಗೆ ಹತ್ತಿರ ಹೋಗುವ ಹಾಗೇ ಇಲ್ಲ. ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಆಗ ಮೀನೂ ಕಮ್ಮಿ, ಬೆಲೆಯೂ ಜಾಸ್ತಿ.

ನವೆಂಬರ್‌ನಿಂದ ಫೆಬ್ರವರಿ ಹವೆಗೆ ಒಳ್ಳೆಯದು. ಆದರೆ ಅರೇಬಿಕಾ ಕಾಫಿ ಕೊಯ್ಲು, ಅದು ಮುಗಿಯುವಷ್ಟರಲ್ಲಿ ರೋಬಸ್ಟಾ ಕೊಯ್ಲು, ನಡುವೆ ಪುತ್ತರಿ ಹಬ್ಬ, ತೋಟ ಇದ್ದವರು ಹೊರಡುವುದು ಹೇಗೆ? ಮಾರ್ಚ್‌ನಲ್ಲಿ ಹೂಮಳೆ ಕಾಯಬೇಕು, ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕಿಸಬೇಕು. ಹಾಗಾಗಿ ನಮಗೆ ಹೊಂದುವುದು ಅಕ್ಟೋಬರ್. ದಸರಾ ರಜೆ ಆಗಿರಲಿ, ಕಾವೇರಿ ಸಂಕ್ರಮಣ ಮುಗಿಸಿಕೊಂಡು ಅದರ ಮರುವಾರ ಆಗಿರಲಿ. ಹೊಳೆಯಲ್ಲಿ ನೀರು ತುಂಬಿರುತ್ತದೆ, ಗುಡ್ಡ ಹಸಿರಾಗಿರುತ್ತದೆ, ಬಾವಿ ನೀರು ಸಿಹಿಯಾಗಿರುತ್ತದೆ. ಒಂದೆರಡು ಸಂಜೆ ಗುಡುಗು ಮಳೆ ಬರಬಹುದು, ಬರಲಿ, ನಾವು ಮಳೆ ಕಾಣದವರಲ್ಲವಲ್ಲ.

ಪ್ರಶ್ನೆ: ನಮ್ಮ ಮಕ್ಕಳು ಊರ ಹೊಳೆಯಲ್ಲಿ ಚೆನ್ನಾಗಿ ಈಜುತ್ತಾರೆ. ಅಳಿವೆ ನೀರು ಶಾಂತವಾಗಿ ಕಾಣುತ್ತದೆ, ಅಲೆಯೂ ಇಲ್ಲ. ಅಲ್ಲಿ ಬಿಡಬಹುದಾ? (ಮಡಿಕೇರಿಯಿಂದ)

ಉತ್ತರ: ಬೇಡ. ಇದರಲ್ಲಿ ನಾನು ಮೆತ್ತಗೆ ಹೇಳುವುದಿಲ್ಲ, ದಯವಿಟ್ಟು ಬಿಡಬೇಡಿ.

ಕಾರಣ ಹೇಳುತ್ತೇನೆ. ಕಡಲ ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಏರಿ ಇಳಿಯಲು ತಲಾ ಆರು ಗಂಟೆಗಿಂತ ಸ್ವಲ್ಪ ಜಾಸ್ತಿ. ಉಬ್ಬರದಲ್ಲಿ ಒಳಗೆ ತುಂಬಿದ ಅಷ್ಟೂ ನೀರು, ಜೊತೆಗೆ ಮೇಲಿಂದ ಬರುವ ಹೊಳೆ ನೀರು, ಇಳಿತದ ಹೊತ್ತಲ್ಲಿ ಆ ಒಂದು ಕಿರಿದಾದ ಬಾಯಿಂದ ಹೊರಗೆ ಹೋಗಬೇಕು. ಮೇಲೆ ಅಲೆ ಇರುವುದಿಲ್ಲ, ಕೆಳಗೆ ಸೆಳೆತ ಇರುತ್ತದೆ. ಒಳ್ಳೆ ಈಜುಗಾರನನ್ನೂ ಅದು ಕಡಲಿಗೆ ಒಯ್ಯುತ್ತದೆ. ಮರಳ ದಿಣ್ಣೆಯೂ ನಂಬುವಂಥದ್ದಲ್ಲ: ಮೊಣಕಾಲಿನಷ್ಟು ನೀರಲ್ಲಿ ನಡೆಯುತ್ತಾ ಇನ್ನೊಂದು ಹೆಜ್ಜೆ ಇಟ್ಟರೆ ತಲೆ ಮುಳುಗುವ ಗುಂಡಿ. ಹೋದ ವರ್ಷ ಇದ್ದ ದಿಣ್ಣೆ ಮಳೆಗಾಲ ಕಳೆದ ಮೇಲೆ ಅಲ್ಲಿ ಇರುವುದಿಲ್ಲ. ಊರ ಹೊಳೆಯಲ್ಲಿ ಯಾವ ಬಂಡೆ ಹತ್ತಿರ ಎಷ್ಟು ಆಳ ಅಂತ ನಮ್ಮ ಮಕ್ಕಳಿಗೆ ಗೊತ್ತು. ಇಲ್ಲಿ ಅಲ್ಲಿನ ಮೀನುಗಾರರೇ ಪ್ರತಿ ವರ್ಷ ಹೊಸದಾಗಿ ನೋಡಿಕೊಳ್ಳುತ್ತಾರೆ.

ಮಕ್ಕಳಿಗೆ ಕಡಲಲ್ಲಿ ಆಡಬೇಕು, ಸರಿ. ಪಡುಬಿದ್ರಿಗೆ ಕರೆದುಕೊಂಡು ಹೋಗಿ. ಸ್ವಚ್ಛ, ಸುರಕ್ಷಿತ ಬೀಚ್‌ಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ 2020ರಲ್ಲಿ ಸಿಕ್ಕಿದ ಬೀಚ್ ಅದು. ನೀರಿಗಿಳಿಯಲು ಗುರುತು ಮಾಡಿದ ಜಾಗ ಇದೆ, ಜೀವರಕ್ಷಕರಿದ್ದಾರೆ, ಸ್ನಾನಕ್ಕೆ, ಬಟ್ಟೆ ಬದಲಿಸಲು ವ್ಯವಸ್ಥೆ ಇದೆ. ಅಳಿವೆಯಲ್ಲೇ ನೀರಿಗಿಳಿಯಬೇಕು ಅನ್ನುವ ಆಸೆ ಇದ್ದರೆ ಸಾಲಿಗ್ರಾಮದ ಪಾರಂಪಳ್ಳಿಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಕಯಾಕ್ ಮಾಡಿಸುತ್ತಾರೆ, ಲೈಫ್ ಜಾಕೆಟ್ ಹಾಕಿಕೊಂಡು. ಹೊಳೆ ಹೇಗೆ ಕಡಲಾಗುತ್ತದೆ ಅನ್ನೋದು ದಡದಲ್ಲಿ ನಿಂತಿದ್ದಕ್ಕಿಂತ ಅಲ್ಲಿ ಚೆನ್ನಾಗಿ ತಿಳಿಯುತ್ತದೆ.

ಹೋಗುವ ಮೊದಲು ಆ ದಿನಗಳ ಉಬ್ಬರ-ಇಳಿತದ ಹೊತ್ತು ನೋಡಿಕೊಳ್ಳಿ, ಮೊಬೈಲ್‌ನಲ್ಲೇ ಸಿಗುತ್ತದೆ. ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ ಅಂತ ನೆನಪಿಟ್ಟರೆ ಒಂದು ದಿನದ್ದು ಗೊತ್ತಿದ್ದರೂ ಲೆಕ್ಕ ಹಾಕಬಹುದು. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ಏರಿಳಿತ ದೊಡ್ಡದು, ಸೆಳೆತವೂ ಜೋರು. ಕಡಲು ಜೋರಾಗಿರುವ ದಿನಗಳಿಗೆ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಎತ್ತರದ ಅಲೆಯ ಮುನ್ನೆಚ್ಚರಿಕೆ ಕೊಡುತ್ತದೆ. ಇಷ್ಟೆಲ್ಲ ನೋಡಿದ ಮೇಲೂ ಮನೆಯ ಪಕ್ಕದ ಮೀನುಗಾರರು ಇವತ್ತು ಬೇಡ ಅಂದರೆ ಬೇಡ, ಅಷ್ಟೇ.

ಪ್ರಶ್ನೆ: ಕೋಡಿಬೆಂಗ್ರೆಯಲ್ಲಿ ಮನೆ ಸಿಕ್ಕಿದೆ, ಮೂರು ಹಗಲು ಇದ್ದೇವೆ. ಸುತ್ತ ಏನೇನು ನೋಡಬಹುದು? ಪಟ್ಟಿ ಮಾಡಿದರೆ ಕೊಲ್ಲೂರು, ಮುರ್ಡೇಶ್ವರ, ಆಗುಂಬೆ, ಕಾರ್ಕಳ ಎಲ್ಲ ಸೇರಿತು. (ಕುಶಾಲನಗರದಿಂದ)

ಉತ್ತರ: ಪಟ್ಟಿ ಅರ್ಧ ಮಾಡಿ. ಮೂರು ಹಗಲಲ್ಲಿ ಅಷ್ಟೂ ನೋಡಿದರೆ ಮನೆಗೆ ಕೊಟ್ಟ ದುಡ್ಡು ಸುಮ್ನೆ ಹೋಯಿತು, ನೀವು ಅಲ್ಲಿ ಮಲಗಲು ಮಾತ್ರ ಬಂದ ಹಾಗೆ ಆಗುತ್ತದೆ. ದಿನಕ್ಕೆ ಒಂದೇ ಕಡೆ, ಅದೂ ಅರ್ಧ ದಿನ. ಉಳಿದ ಅರ್ಧ ಹೊಳೆಗೆ.

ನನ್ನ ಮೊದಲ ಆಯ್ಕೆ ಸೇಂಟ್ ಮೇರೀಸ್ ದ್ವೀಪ. ಮಲ್ಪೆಯಿಂದ ದೋಣಿ, ಮಳೆಗಾಲದಲ್ಲಿ ಇರುವುದಿಲ್ಲ. ಬೆಳಗ್ಗಿನ ಮೊದಲ ದೋಣಿಗೇ ಹೋಗಿ, ಆಮೇಲೆ ಜನ ಜಾಸ್ತಿ. ಅಲ್ಲಿ ಬಂಡೆಗಳು ಕಂಬ ಕಂಬವಾಗಿ ನಿಂತಿವೆ, ಒಂದೊಂದಕ್ಕೂ ಐದು, ಆರು ಮುಖ, ಯಾರೋ ಕೆತ್ತಿ ಜೋಡಿಸಿದ್ದಾರೆ ಅನ್ನಿಸುತ್ತದೆ. ಲಾವಾ ತಣಿಯುವಾಗ ಕುಗ್ಗಿ ಸೀಳಿದ್ದರಿಂದ ಆದದ್ದು ಅದು. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುತ್ತಿದ್ದ ಕಾಲದ ಬಂಡೆ. ದಡ ತುಂಬ ಚಿಪ್ಪು, ಬರಿಗಾಲಲ್ಲಿ ನಡೆಯಲು ಕಷ್ಟ, ಎಲ್ಲರಿಗೂ ಚಪ್ಪಲಿ ಬೇಕು.

ಎರಡನೆಯದು ಬಾರ್ಕೂರು. ಇದನ್ನು ಯಾರೂ ಪಟ್ಟಿಯಲ್ಲಿ ಹಾಕುವುದಿಲ್ಲ, ನನಗೆ ಅದೇ ಬೇಜಾರು. ಆಳುಪರ ರಾಜಧಾನಿಯಾಗಿದ್ದ ಊರು, ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯ ಅಂತಲೇ ಆಡಳಿತ ಇತ್ತು. ಈಗ ಭತ್ತದ ಗದ್ದೆ, ತೆಂಗಿನ ತೋಟಗಳ ನಡುವೆ ಕತ್ತಲೆ ಬಸದಿ, ಹಳೆಯ ದೇವಸ್ಥಾನಗಳು, ಶಾಸನದ ಕಲ್ಲುಗಳು. ಇಷ್ಟು ಒಳಗೆ ರಾಜಧಾನಿ ಯಾಕೆ ಅಂದರೆ ಮತ್ತೆ ಅದೇ ಹೊಳೆ. ಸೀತಾ ನದಿ, ಅಳಿವೆ, ಹಂಗಾರಕಟ್ಟೆ ಬಂದರು, ಹಡಗಿನ ವ್ಯಾಪಾರ. ನಿಮ್ಮ ಮನೆಯಂಗಳದಿಂದ ಕಾಣುವ ನೀರಿನ ಇನ್ನೊಂದು ತುದಿ ಅದು, ಅದಕ್ಕೇ ಹೋಗಿ ಅನ್ನುತ್ತಿದ್ದೇನೆ.

ಉಡುಪಿ ಕೃಷ್ಣ ಮಠಕ್ಕೆ ಹೇಗೂ ಹೋಗುತ್ತೀರಿ. ಹಾಗೇ ಸಂಜೆ ಕಾಪುಗೆ ಇಳಿದರೆ 1901ರ ದೀಪಸ್ತಂಭ, ಬಂಡೆ ಮೇಲೆ ಕಟ್ಟಿದ್ದು. ಸಂಜೆ ಹೊತ್ತು ಹತ್ತಲು ಬಿಡುತ್ತಾರೆ. ಒಳಗೆ ಸುತ್ತು ಮೆಟ್ಟಿಲು, ಮಂಡಿ ನೋವಿದ್ದವರು ಕೆಳಗೆ ಬಂಡೆ ಹತ್ತಿರ ಕೂತರೂ ನಷ್ಟವಿಲ್ಲ. ಕೊಲ್ಲೂರಿಗೆ ಹರಕೆ ಇದ್ದರೆ ಹೋಗಿ ಬನ್ನಿ, ಬೈಂದೂರು ಮೇಲೆ ಹೋದರೆ ದಾರಿಯಲ್ಲಿ ಮರವಂತೆ ಸಿಗುತ್ತದೆ. ಹೆದ್ದಾರಿಯ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ. ಅಲ್ಲಿ ಕಾರು ರಸ್ತೆಯಿಂದ ಪೂರ್ತಿ ಇಳಿಸಿ ನಿಲ್ಲಿಸಿ, ಲಾರಿಗಳು ವೇಗವಾಗಿ ಬರುತ್ತವೆ. ಕಾರ್ಕಳ, ಆಗುಂಬೆ, ಮುರ್ಡೇಶ್ವರ ಇನ್ನೊಂದು ಸಲಕ್ಕೆ.

ಪ್ರಶ್ನೆ: ನಿವೃತ್ತಿ ಹಣ ಬಂದಿದೆ. ಉಡುಪಿ ಕಡೆ ಅಳಿವೆ ಪಕ್ಕ ಹತ್ತು ಸೆಂಟ್ಸ್ ಜಾಗ ತೋರಿಸಿದ್ದಾರೆ. ಸಣ್ಣ ಮನೆ ಕಟ್ಟಿ, ನಾವಿಲ್ಲದಾಗ ಬಾಡಿಗೆಗೆ ಕೊಡುವ ಯೋಚನೆ. ‘ಕಟ್ಟಲು ಏನೂ ತೊಂದರೆ ಇಲ್ಲ’ ಅಂತಾರೆ ಬ್ರೋಕರ್. (ಪೊನ್ನಂಪೇಟೆಯಿಂದ)

ಉತ್ತರ: ಅಣ್ಣ, ಆ ಮಾತಿನ ಮೇಲೆ ಮುಂಗಡ ಕೊಡಬೇಡಿ. ನಮ್ಮ ಕೊಡಗಿನ ಜಮ್ಮಾ ಬಾಣೆ ಜಮೀನಿನ ಕಾಗದ ಪತ್ರ ನೋಡಿ ಅಭ್ಯಾಸ ಇರುವವರು ನೀವು, ಜಾಗ ಕೈಗೆ ಬರುವುದೇ ಬೇರೆ, ಅದರಲ್ಲಿ ಏನು ಮಾಡಬಹುದು ಅನ್ನೋದೇ ಬೇರೆ ಅಂತ ನಿಮಗೆ ಹೇಳಬೇಕಿಲ್ಲ.

ಅಲ್ಲಿ ಕೇಳಬೇಕಾದದ್ದು ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯ. 2019ರ ಅಧಿಸೂಚನೆ ಪ್ರಕಾರ ಕಡಲ ಕಡೆ ಉಬ್ಬರದ ಗೆರೆಯಿಂದ 500 ಮೀಟರ್‌ವರೆಗಿನ ನೆಲ ಇದರೊಳಗೆ ಬರುತ್ತದೆ. ಉಬ್ಬರ ತಾಗುವ ಹೊಳೆ ದಡದಲ್ಲಿ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಮ್ಮಿಯೋ ಅಷ್ಟು. ಹಳ್ಳಿ ಕಡೆ ಸಮುದ್ರಕ್ಕೆ ಮುಖ ಮಾಡಿದ ಜಾಗದಲ್ಲಿ, 2011ರ ಜನಗಣತಿಯಂತೆ ಚದರ ಕಿ.ಮೀ.ಗೆ 2,161ಕ್ಕಿಂತ ಜಾಸ್ತಿ ಜನ ಇದ್ದರೆ ಮೊದಲ 50 ಮೀಟರ್, ಅದಕ್ಕಿಂತ ಕಮ್ಮಿ ಇದ್ದರೆ ಮೊದಲ 200 ಮೀಟರ್ ಹೊಸ ಕಟ್ಟಡಗಳಿಗೆ ನಿರ್ಬಂಧಿತ. ಅಲ್ಲಿಯೇ ಹುಟ್ಟಿ ಬೆಳೆದ ಮೀನುಗಾರರಿಗೆ ಇರುವ ಅವಕಾಶ ಹೊರಗಿನಿಂದ ಬಂದವರಿಗೆ ಇಲ್ಲ. ಪಕ್ಕದಲ್ಲಿ ಹಳೆಯ ಮನೆ ಇದೆ ಅನ್ನುವುದು ನಿಮಗೆ ಅನುಮತಿ ಸಿಗುತ್ತದೆ ಅನ್ನಲು ಸಾಕ್ಷಿಯಲ್ಲ. ಕೋಡಿಬೆಂಗ್ರೆಯಂಥ ಕಿರಿದಾದ ನೆಲದಲ್ಲಿ ಕಡಲಿನ ಲೆಕ್ಕ ಒಂದು ಕಡೆಯಿಂದ, ಹೊಳೆಯ ಲೆಕ್ಕ ಇನ್ನೊಂದು ಕಡೆಯಿಂದ ಬಂದರೆ ನಡುವೆ ಎಷ್ಟು ಉಳಿಯುತ್ತದೆ ನೀವೇ ಯೋಚಿಸಿ. ಕಾಂಡ್ಲಾ ಕಾಡು ಇದ್ದರೆ ಇನ್ನೂ ಬಿಗಿ.

ಸರ್ವೆ ನಂಬರ್ ತೆಗೆದುಕೊಂಡು ಕರಾವಳಿ ವಲಯ ನಿರ್ವಹಣಾ ಯೋಜನೆಯ ನಕ್ಷೆಯಲ್ಲಿ ಅದು ಎಲ್ಲಿ ಬರುತ್ತದೆ ಅಂತ ಉಡುಪಿಯಲ್ಲಿ ಬರಹದಲ್ಲಿ ಪಡೆಯಿರಿ. ಭೂಪರಿವರ್ತನೆ ಆಗಿದೆಯಾ ನೋಡಿ. ಆಮೇಲೆ ಒಂದು ಜುಲೈ ತಿಂಗಳು ಹೋಗಿ ಆ ಜಾಗದಲ್ಲಿ ನಿಂತು ನೋಡಿ, ಡಿಸೆಂಬರ್‌ನಲ್ಲಿ ನೋಡಿದ ದಡ ಅದಲ್ಲ. ಕಟ್ಟಲು ಆದರೂ ಉಪ್ಪು ಗಾಳಿಗೆ ಕಬ್ಬಿಣದ ಕಿಟಕಿ, ಗೇಟು, ಎಸಿ ಯಾವುದೂ ಬಾಳುವುದಿಲ್ಲ, ವರ್ಷ ವರ್ಷ ಖರ್ಚು. ನಾನಾದರೆ ಆ ದುಡ್ಡನ್ನು ಬ್ಯಾಂಕಿನಲ್ಲಿಟ್ಟು, ಬಡ್ಡಿಯಲ್ಲಿ ಪ್ರತಿ ಅಕ್ಟೋಬರ್ ಯಾರದಾದರೂ ಮನೆ ಬಾಡಿಗೆಗೆ ಹಿಡಿಯುತ್ತಿದ್ದೆ. ಆ ಬಾಡಿಗೆ ಊರಿನ ಮೀನುಗಾರರ ಮನೆಗೆ ಹೋದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಅಡುಗೆಮನೆ ಇರುವ ಮನೆ ಹಿಡಿದಿದ್ದೇವೆ. ಏನು ತೆಗೆದುಕೊಂಡು ಹೋಗಬೇಕು, ಅಲ್ಲಿ ಏನು ಸಿಗುತ್ತದೆ? (ಗೋಣಿಕೊಪ್ಪದಿಂದ)

ಉತ್ತರ: ಅಕ್ಕಿ, ತರಕಾರಿ ಹೊರಬೇಡಿ, ಎಲ್ಲ ಸಿಗುತ್ತದೆ. ಕಾಫಿ ಪುಡಿ ಮಾತ್ರ ಮನೆಯದ್ದೇ ಇರಲಿ. ಜೊತೆಗೆ ಒಂದು ಸಣ್ಣ ಬಾಟಲಿ ಕಾಚಂಪುಳಿ, ನಮ್ಮ ಕೊಡಗಿನ ಹುಳಿರಸ. ಬೆಳಗ್ಗೆ ದೋಣಿ ಬರುವ ಹೊತ್ತಿಗೆ ದಡಕ್ಕೆ ಹೋಗಿ, ಹೊಳೆ ಮೀನು ಯಾವುದಿದೆ ಕೇಳಿ. ಕಾನೆ ಸಿಕ್ಕರೆ ಬಿಡಬೇಡಿ, ಬರೀ ಉಪ್ಪು, ಮೆಣಸಿನ ಪುಡಿ, ಅರಸಿನ, ನಾಲ್ಕು ಹನಿ ಕಾಚಂಪುಳಿ ಹಚ್ಚಿ ರವೆಯಲ್ಲಿ ಹೊರಳಿಸಿ ಕಾವಲಿ ಮೇಲೆ ಹಾಕಿ. ಏಡಿ, ಸಿಗಡಿಯೂ ಅಲ್ಲೇ. ಮರುವಾಯಿ ತಂದರೆ ಒಂದೆರಡು ಗಂಟೆ ಉಪ್ಪು ನೀರಲ್ಲಿ ಬಿಟ್ಟು ಮರಳು ಹೋದ ಮೇಲೆ ತೊಳೆಯಿರಿ, ಬಾಯಿ ಬಿಟ್ಟುಕೊಂಡೇ ಇರುವ ಚಿಪ್ಪನ್ನು ಎಸೆಯಿರಿ. ಸುಕ್ಕ ಮಾಡಲು ಬಾರದಿದ್ದರೆ ಪಕ್ಕದ ಮನೆಯವರನ್ನು ಕೇಳಿ, ಸಂತೋಷದಿಂದ ಹೇಳಿಕೊಡುತ್ತಾರೆ. ಮೀನು ತಿನ್ನದವರಿಗೆ ಉಡುಪಿ ಇದೆಯಲ್ಲ, ಊಟದ ಚಿಂತೆಯೇ ಇಲ್ಲ. ಮತ್ತೆ ಸೊಳ್ಳೆ ಬತ್ತಿ, ಟಾರ್ಚು, ಅತ್ತೆ-ಮಾವನ ಮಾತ್ರೆಗಳು, ಮಕ್ಕಳಿಗೆ ಎರಡೆರಡು ಜೊತೆ ಹೆಚ್ಚು ಬಟ್ಟೆ. ಒಗೆದದ್ದು ಕಡಲ ಗಾಳಿಗೆ ಬೇಗ ಒಣಗುವುದಿಲ್ಲ.